ಕಲ್ಲು ಒಡೆದದ್ದು ಒಂದೂವರೆ ಗಂಟೆಯಲ್ಲಿ, ಸ್ಟೆಂಟ್ ಜೊತೆ ಕಳೆದದ್ದು 33 ದಿನ

ಕಿಡ್ನಿ ಕಲ್ಲಿನ ಚಿಕಿತ್ಸೆಗೆ ನನ್ನೊಳಗೆ ಇಟ್ಟಿದ್ದ ಎರಡನೇ ಸ್ಟೆಂಟನ್ನು, ಅಂದರೆ ಮೂತ್ರ ಹರಿಯಲು ಇಡುವ ನಳಿಕೆಯನ್ನು, ಏಪ್ರಿಲ್ 17ಕ್ಕೆ ತೆಗೆದರು. ಅವತ್ತೇ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ಆದರೆ ವಿಮೆಯ ಹಣ ಬಂದು, ಕಲ್ಲಿನ ಪರೀಕ್ಷೆಯ ವರದಿ ಕೈಗೆ ಸಿಕ್ಕಿದ ಮೇಲೆ ಬರೆದರೆ ಓದುವವರಿಗೆ ಪೂರ್ತಿ ವಿಷಯ ತಿಳಿಯುತ್ತದೆ ಅಂತ ತಡೆದೆ. ಈಗ ಎರಡೂ ಆಗಿವೆ.

ನಾನು ದಾವಣಗೆರೆಯವಳು. ವಯಸ್ಸು 41. ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕಿಡ್ನಿ ಕಲ್ಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬಾಳೆದಿಂಡಿನ ರಸ ಕುಡಿ, ಹುರುಳಿಕಟ್ಟು ಕುಡಿ, ಕಾಡುಬಸಳೆ ಎಲೆ ತಿನ್ನು ಅಂತ ನೂರು ಜನ ಹೇಳಿದರು. ಆದರೆ ಆಪರೇಷನ್ ಆದಮೇಲೆ ದೇಹದೊಳಗೆ ಒಂದು ನಳಿಕೆ ಇಟ್ಟುಕೊಂಡು ವಾರಗಟ್ಟಲೆ ಓಡಾಡುವುದು ಹೇಗಿರುತ್ತದೆ ಅಂತ ಒಬ್ಬರೂ ಹೇಳಲಿಲ್ಲ. ನನಗೆ ಅತಿ ಕಷ್ಟವಾದದ್ದು ಅದೇ. ಅದಕ್ಕೇ ಅದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಶುರುವಾದದ್ದು ಫೆಬ್ರವರಿ 24ರಂದು, ಬೆಳಗ್ಗೆ ಹನ್ನೊಂದೂವರೆಗೆ. ಹತ್ತನೇ ತರಗತಿಗೆ ತ್ರಿಕೋನಮಿತಿ ರಿವಿಜನ್ ನಡೆದಿತ್ತು. ಎಡಗಡೆ ಪಕ್ಕೆಯಲ್ಲಿ, ಬೆನ್ನಿನ ಕಡೆಗೆ, ಏನೋ ಹಿಡಿದುಕೊಂಡ ಹಾಗಾಯಿತು. ಗ್ಯಾಸ್ ಇರಬೇಕು ಅಂದುಕೊಂಡೆ. ಹತ್ತು ನಿಮಿಷದಲ್ಲಿ ಅದು ಹೊಟ್ಟೆಯ ಕೆಳಗೆ, ತೊಡೆ ಸಂದಿಯವರೆಗೆ ಇಳಿಯಿತು. ಕೂತರೂ ಆಗದು, ನಿಂತರೂ ಆಗದು, ಮಲಗಿದರೂ ಆಗದು. ಎರಡು ಹೆರಿಗೆ ಆದವಳು ನಾನು. ಹೆರಿಗೆ ನೋವಿನಲ್ಲಿ ನಡುನಡುವೆ ಬಿಡುವಾದರೂ ಸಿಗುತ್ತಿತ್ತು. ಇದು ಒಂದು ಅಲೆ ಇಳಿಯುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಸ್ಟಾಫ್ ರೂಮಿನಲ್ಲಿ ಎರಡು ಸಲ ವಾಂತಿಯಾಯಿತು. ಸಹೋದ್ಯೋಗಿಗಳು ಆಟೋದಲ್ಲಿ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ನೋವಿನ ಇಂಜೆಕ್ಷನ್ ಕೊಟ್ಟ ಅರ್ಧ ಗಂಟೆಗೆ ಜೀವ ಬಂದಂತಾಯಿತು. ಆಮೇಲೆ ಅಲ್ಟ್ರಾಸೌಂಡ್. ಹೊಟ್ಟೆ ತುಂಬ ನೀರು ಕುಡಿದು, ಒಂದಕ್ಕೆ ಹೋಗದೆ ತಡೆದುಕೊಂಡು ಬರಬೇಕು ಅಂದರು. ಆ ಸ್ಥಿತಿಯಲ್ಲಿ ಅದೇ ಒಂದು ಶಿಕ್ಷೆ. ವರದಿಯಲ್ಲಿ ಎಡ ಕಿಡ್ನಿಯ ಕೆಳಭಾಗದಲ್ಲಿ 12 ಮಿ.ಮೀ. ಕಲ್ಲು, ಕಿಡ್ನಿ ಊದಿಕೊಂಡಿದೆ, ಬಲ ಕಿಡ್ನಿಯಲ್ಲಿ 4 ಮಿ.ಮೀ. ಕಲ್ಲು ಅಂತ ಇತ್ತು. ಊದಿಕೊಂಡಿದ್ದಕ್ಕೆ ಕಾರಣ ಅದರಲ್ಲಿ ಕಾಣಲಿಲ್ಲ. ಯೂರಾಲಜಿಸ್ಟ್ ಬಳಿ ಕಳಿಸಿದರು. ಅವರು ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟರು. ಬಣ್ಣದ ಔಷಧ ಚುಚ್ಚದೆ ಮಾಡುವ ಸಾದಾ ಸ್ಕ್ಯಾನ್ ಅದು. ಐದೇ ನಿಮಿಷ, 4,500 ರೂಪಾಯಿ. ಅದರಲ್ಲಿ ನಿಜವಾದ ಅಪರಾಧಿ ಸಿಕ್ಕಿತು. ಕಿಡ್ನಿಯಿಂದ ಮೂತ್ರಚೀಲಕ್ಕೆ ಹೋಗುವ ಮೂತ್ರನಾಳದ ಮೇಲ್ಭಾಗದಲ್ಲಿ 9 ಮಿ.ಮೀ. ಕಲ್ಲು ಕಚ್ಚಿಕೊಂಡು ಕೂತಿತ್ತು.

ಇಲ್ಲಿ ಒಂದು ಮಾತು. ಮೂತ್ರನಾಳದ ನಡುವೆ ಸಿಕ್ಕಿಕೊಂಡ ಕಲ್ಲು ಅಲ್ಟ್ರಾಸೌಂಡಿನಲ್ಲಿ ಎಷ್ಟೋ ಸಲ ಕಾಣುವುದಿಲ್ಲವಂತೆ. ಎಲ್ಲ ಬಗೆಯ ಕಲ್ಲೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನೋವು ಇಷ್ಟಿದ್ದೂ ಅಲ್ಟ್ರಾಸೌಂಡ್‌ನಲ್ಲಿ ಕಾರಣ ಸಿಗದಿದ್ದರೆ ಸಿ.ಟಿ. ಬೇಕಾ ಅಂತ ಡಾಕ್ಟರನ್ನು ಕೇಳಿ. ಸಿ.ಟಿ.ಯ ಸಿ.ಡಿ.ಯನ್ನು ಮರೆಯದೆ ತೆಗೆದುಕೊಳ್ಳಿ, ಬರೀ ಕಾಗದದ ವರದಿ ಸಾಲದು. ಎರಡನೇ ಅಭಿಪ್ರಾಯಕ್ಕೆ ಹೋದಾಗ ಅದಿದ್ದದ್ದರಿಂದ ನನಗೆ ಮತ್ತೊಂದು ಸ್ಕ್ಯಾನ್ ಉಳಿಯಿತು.

ಡಾಕ್ಟರ್ ಒಂದು ಸ್ಕೇಲ್ ಇಟ್ಟು ತೋರಿಸಿದರು. ಮೂತ್ರನಾಳದ ಉದ್ದ ಸುಮಾರು 25 ಸೆಂ.ಮೀ., ಒಳಗಿನ ಅಗಲ 3–4 ಮಿ.ಮೀ. ಅಷ್ಟೆ. 5 ಮಿ.ಮೀ.ಗಿಂತ ಸಣ್ಣ ಕಲ್ಲಾದರೆ ಹೆಚ್ಚಿನವು ತಾವಾಗಿಯೇ ಬಿದ್ದುಹೋಗುತ್ತವೆ. ದೊಡ್ಡದಾದಷ್ಟೂ ಆ ಸಾಧ್ಯತೆ ಕಡಿಮೆ. ಕಲ್ಲು ಅಡ್ಡ ಕೂತಾಗ ಮೂತ್ರ ಹಿಂದಕ್ಕೆ ತುಂಬಿಕೊಂಡು ಕಿಡ್ನಿ ಹಿಗ್ಗುತ್ತದೆ. ನೋವು ಬರುವುದು ಆ ಒತ್ತಡಕ್ಕೆ. ಹೊರಗಿನಿಂದ ಶಾಕ್ ಅಲೆ ಕೊಟ್ಟು ಒಡೆಯುವ ವಿಧಾನವೂ ಇದೆಯಲ್ವಾ ಅಂತ ಕೇಳಿದೆ. ಸಿ.ಟಿ.ಯಲ್ಲಿ ಕಲ್ಲಿನ ಗಟ್ಟಿತನದ ಅಂಕಿ 1,000 ದಾಟಿದೆ, ಮೇಲಾಗಿ ಇನ್ನೊಂದು ಕಲ್ಲು ಕಿಡ್ನಿಯ ಕೆಳಮೂಲೆಯಲ್ಲಿದೆ, ಒಡೆದರೂ ಚೂರುಗಳು ಅಲ್ಲಿಂದ ಮೇಲೆ ಹತ್ತಿ ಬರುವುದು ಕಷ್ಟ ಅಂದರು. ಬೆನ್ನಿನಿಂದ ತೂತು ಮಾಡಿ ತೆಗೆಯುವುದು ಸಾಮಾನ್ಯವಾಗಿ 2 ಸೆಂ.ಮೀ.ಗಿಂತ ದೊಡ್ಡ ಕಲ್ಲಿಗೆ. ನನಗೆ ಸೂಕ್ತವಾದದ್ದು ಆರ್‌ಐಆರ್‌ಎಸ್. ಅಂದರೆ ಮೂತ್ರದ ದಾರಿಯಿಂದಲೇ ಬಾಗುವ ದುರ್ಬೀನು ಹಾಯಿಸಿ, ಕಿಡ್ನಿಯವರೆಗೂ ಹೋಗಿ, ಲೇಸರ್‌ನಿಂದ ಕಲ್ಲು ಪುಡಿ ಮಾಡುವುದು. ಎಲ್ಲೂ ಕೊಯ್ಯುವುದಿಲ್ಲ.

ಈಗಲೇ ಮಾಡಿಸಬಹುದು, ಇಲ್ಲವೇ ಹೆಚ್ಚೆಂದರೆ ಎರಡು ವಾರ ಮಾತ್ರೆ ತೆಗೆದುಕೊಂಡು ನೋಡಬಹುದು ಅಂದರು. ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಚಿಂತೆ. ಎರಡನೆಯದನ್ನು ಆರಿಸಿದೆ. ಟ್ಯಾಮ್ಸುಲೋಸಿನ್ ಅನ್ನುವ ಮಾತ್ರೆ ಬರೆದುಕೊಟ್ಟರು. ಅದು ಮೂತ್ರನಾಳವನ್ನು ಸಡಿಲಗೊಳಿಸುತ್ತದಂತೆ. ಎದ್ದಾಗ ತಲೆ ಸುತ್ತುವ ಸಾಧ್ಯತೆ ಇರುವುದರಿಂದ ರಾತ್ರಿ ಮಲಗುವಾಗ ತೆಗೆದುಕೊಳ್ಳಲು ಹೇಳಿದರು. ಹೊರಡುವಾಗ ಡಾಕ್ಟರ್ ಒಂದೇ ಎಚ್ಚರಿಕೆ ಕೊಟ್ಟರು: "ಜ್ವರ ಬಂದರೆ, ಚಳಿ ನಡುಕ ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ."

ನಾನು ಕಾದೆ. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಾರ್ಚ್ ಮೊದಲ ವಾರವೆಲ್ಲ ನೋವು ಬಂದು ಹೋಗಿ ಮಾಡುತ್ತಿತ್ತು. ಅತ್ತೆ ದಿನಾ ಬಾರ್ಲಿ ನೀರು ಕುದಿಸಿ ಕೊಡುತ್ತಿದ್ದರು. ಪ್ರೀತಿಯಿಂದ ಕೊಟ್ಟಿದ್ದನ್ನೆಲ್ಲ ಕುಡಿದೆ. ಎರಡು ವಾರ ಮುಗಿದರೂ ಕಲ್ಲು ಬೀಳಲಿಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ ಅಂತ ದಿನ ದೂಡಿದೆ. ಮಾರ್ಚ್ 14ರ ರಾತ್ರಿ ಒಂಬತ್ತಕ್ಕೆ ಚಳಿ ಶುರುವಾಯಿತು. ಹೊರಗೆ ಬಿಸಿಲುಗಾಲದ ಸೆಕೆ, ನನಗೆ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಪ್ಯಾರಾಸಿಟಮಾಲ್ ನುಂಗಿ ಮಲಗಿದೆ. ಎರಡು ಗಂಟೆಗೆ ಮತ್ತೆ ನಡುಕ, ಜ್ವರ 103. ಆಗ ನನ್ನವರು ಕಾರು ತೆಗೆದರು. ಐದು ಗಂಟೆ ಕಾಲ ನಾನು ಸುಮ್ನೆ ಕಳೆದಿದ್ದೆ.

ತುರ್ತು ವಿಭಾಗದಲ್ಲಿ ರಕ್ತದೊತ್ತಡ 90ಕ್ಕೆ ಇಳಿದಿತ್ತು. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣಗಳು ಏರಿದ್ದವು, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 1.8ಕ್ಕೆ ಏರಿತ್ತು. ಮೂತ್ರಕ್ಕೆ ದಾರಿ ಇಲ್ಲದೆ ನಿಂತ ಕಿಡ್ನಿಯಲ್ಲಿ ಸೋಂಕಾಗಿದೆ, ಸೋಂಕು ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ, ಈಗಲೇ ಒಳಗಿನ ಒತ್ತಡ ಇಳಿಸಬೇಕು ಅಂದರು. ಕಲ್ಲು ತೆಗೆಯುತ್ತೀರಾ ಅಂತ ಕೇಳಿದೆ. "ಇಲ್ಲ, ಈಗ ಕಲ್ಲು ಮುಟ್ಟುವ ಹಾಗಿಲ್ಲ. ಸ್ಟೆಂಟ್ ಮಾತ್ರ ಹಾಕುತ್ತೇವೆ. ಸೋಂಕು ವಾಸಿಯಾದ ಮೇಲೆ ಕಲ್ಲು," ಅಂದರು. ಸ್ಟೆಂಟ್ ಅಂದರೆ ಹೃದಯಕ್ಕೆ ಹಾಕುವುದು ಅಂತಲೇ ಅಲ್ಲಿಯವರೆಗೆ ನಾನು ತಿಳಿದಿದ್ದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಕೈ ನಡುಗಿ ಹೆಸರೇ ಸರಿಯಾಗಿ ಬರಲಿಲ್ಲ. ಒಂಬತ್ತು ವರ್ಷದ ಮಗಳನ್ನು ನಿದ್ದೆಯಲ್ಲೇ ಬಿಟ್ಟು ಬಂದಿದ್ದೆ. ಎದ್ದು ಅಮ್ಮ ಎಲ್ಲಿ ಅಂತ ಕೇಳುತ್ತಾಳೆ ಅನ್ನುವುದೊಂದೇ ತಲೆಯಲ್ಲಿತ್ತು.

ಮಾರ್ಚ್ 15ರ ಬೆಳಗಿನ ಜಾವ, ಸ್ವಲ್ಪ ಹೊತ್ತಿನ ಅರಿವಳಿಕೆ ಕೊಟ್ಟು ಸ್ಟೆಂಟ್ ಹಾಕಿದರು. ಇಪ್ಪತ್ತು ನಿಮಿಷದ ಕೆಲಸವಂತೆ. ಕಟ್ಟಿ ನಿಂತಿದ್ದ ಮೂತ್ರ ಕೀವಿನ ಹಾಗೆ ಹೊರಬಂತು ಅಂತ ಆಮೇಲೆ ಹೇಳಿದರು. ಎರಡು ದಿನ ರಕ್ತನಾಳದ ಮೂಲಕ ಆಂಟಿಬಯಾಟಿಕ್. ಮೂರನೇ ದಿನಕ್ಕೆ ಜ್ವರ ಪೂರ್ತಿ ಬಿಟ್ಟಿತು. ಮೂತ್ರದ ಕಲ್ಚರ್ ವರದಿ ಬರಲು ಹೆಚ್ಚುಕಡಿಮೆ ಮೂರು ದಿನ ಬೇಕಾಯಿತು. ಯಾವ ಕ್ರಿಮಿ, ಅದಕ್ಕೆ ಯಾವ ಔಷಧ ನಾಟುತ್ತದೆ ಅನ್ನುವುದು ಅದರಿಂದಲೇ ತಿಳಿಯುವುದು. ಮಾರ್ಚ್ 18ಕ್ಕೆ ಮನೆಗೆ ಕಳಿಸಿದರು.

ಆಸ್ಪತ್ರೆಯಿಂದ ಹೊರಡುವಾಗ ಇನ್ನೊಂದು ಪೆಟ್ಟು ಕಾದಿತ್ತು. ವಿಮಾ ಕಂಪನಿ ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ನೇರವಾಗಿ ಆಸ್ಪತ್ರೆಗೇ ಕಟ್ಟುವುದನ್ನು, ನಿರಾಕರಿಸಿತ್ತು.

ಕಾರಣ ಕೇಸ್ ಶೀಟಿನ ಒಂದು ಸಾಲು. ಆ ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರ್ "ಹಿಂದೆ ಯಾವಾಗಲಾದರೂ ಪಕ್ಕೆ ನೋವು ಬಂದಿತ್ತಾ?" ಅಂತ ಕೇಳಿದ್ದರು. ಜ್ವರದ ಮಂಪರಿನಲ್ಲಿ, ನಾಲ್ಕು ವರ್ಷದ ಹಿಂದೆ ಒಮ್ಮೆ ಬಂದಿತ್ತು, ಏನೂ ಪರೀಕ್ಷೆ ಮಾಡಿಸಿರಲಿಲ್ಲ ಅಂದಿದ್ದೆ. ಅವರು "ನಾಲ್ಕು ವರ್ಷದಿಂದ ಕಲ್ಲಿನ ತೊಂದರೆ" ಅಂತ ಬರೆದಿದ್ದರು. ನನ್ನ ಪಾಲಿಸಿಗೆ ಎರಡು ವರ್ಷ ಏಳು ತಿಂಗಳು. ಕಿಡ್ನಿ ಕಲ್ಲಿಗೆ ಇರುವ 24 ತಿಂಗಳ ಕಾಯುವ ಅವಧಿ ಮುಗಿದಿತ್ತು. ಆದರೆ ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳು ಆಗಬೇಕು. ಆ ಒಂದು ಸಾಲಿನಿಂದ ನನ್ನ ಕಲ್ಲು ಹಳೆಯ ಕಾಯಿಲೆಯಾಗಿ ಹೋಯಿತು. 41,600 ರೂಪಾಯಿ ಕೈಯಿಂದ ಕಟ್ಟಿ ಹೊರಬಂದೆವು.

ಸರಿಪಡಿಸಲು ಹತ್ತು ದಿನ ಓಡಾಟ. ಆಸ್ಪತ್ರೆಯ ವಿಮಾ ಕೌಂಟರಿನವರು ಮೊದಲು ಆಗುವುದಿಲ್ಲ ಅಂದರು. ಕೊನೆಗೆ ಯೂರಾಲಜಿಸ್ಟ್ ಅವರೇ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರು: ಕಲ್ಲು ಮೊದಲ ಬಾರಿ ಪತ್ತೆಯಾದದ್ದು ಈ ವರ್ಷ ಫೆಬ್ರವರಿ 24ರಂದು, ಅದಕ್ಕೂ ಮೊದಲು ಯಾವ ಪರೀಕ್ಷೆಯಾಗಲಿ ಚಿಕಿತ್ಸೆಯಾಗಲಿ ಆಗಿಲ್ಲ ಅಂತ. ಜೊತೆಗೆ ಮೊದಲ ದಿನದ ಒಪಿಡಿ ಚೀಟಿ, ಅಲ್ಟ್ರಾಸೌಂಡ್, ಸಿ.ಟಿ. ವರದಿಗಳನ್ನು ಇಟ್ಟು ಮಾರ್ಚ್ 28ಕ್ಕೆ ಅರ್ಜಿ ಹಾಕಿದೆವು. ಅದೃಷ್ಟಕ್ಕೆ ಮೊದಲ ದಿನದ ಚೀಟಿಯನ್ನು ನಾನು ಎಸೆದಿರಲಿಲ್ಲ. ನೀವೂ ಎಸೆಯಬೇಡಿ. ತುರ್ತು ವಿಭಾಗದಲ್ಲಿ ಕೇಳುವ ಪ್ರಶ್ನೆಗೆ ಸತ್ಯವನ್ನೇ ಹೇಳಿ, ಆದರೆ ಅವರು ಏನು ಬರೆದುಕೊಂಡರು ಅಂತ ಜೊತೆಗಿದ್ದವರು ಒಮ್ಮೆ ಓದಿ ನೋಡಲಿ. ಸುಳ್ಳು ಹೇಳಿ ಅಂತ ನಾನು ಹೇಳುತ್ತಿಲ್ಲ. ಆಡಿದ ಮಾತು ಒಂದು, ಬರೆದದ್ದು ಇನ್ನೊಂದು ಆಗಬಾರದು ಅಷ್ಟೆ.

ಪಕ್ಕದ ಹಾಸಿಗೆಯಲ್ಲಿದ್ದ ಹರಿಹರ ಕಡೆಯ ಅಮ್ಮನಿಗೂ ಕಲ್ಲೇ. ಅವರದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ತರಬೇಕು. ಅದು ಗೊತ್ತಿಲ್ಲದೆ ಅವರ ಮಗ ಎರಡು ಸಲ ಬಂದು ವಾಪಸ್ ಹೋಗಿದ್ದನಂತೆ. ಯೋಜನೆಯಲ್ಲಿ ಮಾಡಿಸುವವರು ಅದನ್ನು ಮೊದಲೇ ವಿಚಾರಿಸಿಕೊಳ್ಳಿ.

ಈಗ ಸ್ಟೆಂಟಿನ ವಿಷಯ.

ಡಿಜೆ ಸ್ಟೆಂಟ್ ಅಂದರೆ ಮೆತ್ತನೆಯ ಪ್ಲಾಸ್ಟಿಕ್ ನಳಿಕೆ. ಎರಡೂ ತುದಿ ಇಂಗ್ಲಿಷಿನ ಜೆ ಅಕ್ಷರದ ಹಾಗೆ ಸುರುಳಿ ಸುತ್ತಿರುತ್ತದೆ. ಮೇಲಿನ ಸುರುಳಿ ಕಿಡ್ನಿಯೊಳಗೆ, ಕೆಳಗಿನದು ಮೂತ್ರಚೀಲದೊಳಗೆ. ಜಾರಿ ಹೋಗಬಾರದು ಅಂತ ಆ ಸುರುಳಿ. ನನ್ನದು 26 ಸೆಂ.ಮೀ. ಉದ್ದ, 5 ಫ್ರೆಂಚ್ ದಪ್ಪ. 3 ಫ್ರೆಂಚ್ ಅಂದರೆ 1 ಮಿ.ಮೀ. ಅಂತೆ, ಹಾಗಾಗಿ ಇದು 2 ಮಿ.ಮೀ.ಗೂ ಕಡಿಮೆ. ಕೇಳಲು ಎಷ್ಟು ಸಣ್ಣದು ಅಲ್ವಾ?

ಆದರೆ ಅದರ ಕೆಳಗಿನ ಸುರುಳಿ ಮೂತ್ರಚೀಲದ ಗೋಡೆಗೆ ತಾಗುತ್ತಲೇ ಇರುತ್ತದೆ. ಚೀಲ ತುಂಬಿದೆ ಅಂತ ಮೆದುಳಿಗೆ ಸುಳ್ಳು ಸುದ್ದಿ ಹೋಗುತ್ತಲೇ ಇರುತ್ತದೆ. ಮೊದಲ ವಾರ ಅರ್ಧ ಗಂಟೆಗೊಮ್ಮೆ ಹೋಗಬೇಕಿತ್ತು. ಹೋದರೆ ನಾಲ್ಕು ಹನಿ, ಕೊನೆಯಲ್ಲಿ ಉರಿ. ರಾತ್ರಿ ಆರೇಳು ಸಲ ಏಳುತ್ತಿದ್ದೆ. ಕೆಲವು ಸಲ ಬಾಗಿಲವರೆಗೆ ಹೋಗುವಷ್ಟೂ ತಡೆಯಲಾಗಲಿಲ್ಲ. ಆಗ ಅತ್ತಿದ್ದೇನೆ. ನಲವತ್ತೊಂದು ವರ್ಷಕ್ಕೇ ಹೀಗಾಯಿತಲ್ಲ ಅನ್ನಿಸುತ್ತಿತ್ತು. ಪ್ಯಾಡ್ ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ, ಸ್ಟೆಂಟ್ ಇದ್ದವರಲ್ಲಿ ಇದು ಸಾಮಾನ್ಯ ಅಂತ ಒಬ್ಬ ನರ್ಸ್ ಹೇಳಿದರು. ಆ ಮಾತು ಯಾವ ಮಾತ್ರೆಗಿಂತಲೂ ದೊಡ್ಡ ಸಮಾಧಾನ ಕೊಟ್ಟಿತು.

ಎರಡನೆಯದು ರಕ್ತ. ಸ್ವಲ್ಪ ಜಾಸ್ತಿ ನಡೆದ ದಿನ, ಮೆಟ್ಟಿಲು ಹತ್ತಿದ ದಿನ, ಆಟೋ ಹಂಪಿನ ಮೇಲೆ ಕುಣಿದ ದಿನ ಮೂತ್ರ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಮೊದಲ ಸಲ ನೋಡಿ ಗಾಬರಿಯಾಗಿ ಆಸ್ಪತ್ರೆಗೆ ಫೋನ್ ಮಾಡಿದೆ. ತಿಳಿ ಗುಲಾಬಿ ಆದರೆ ನೀರು ಕುಡಿದು ವಿಶ್ರಾಂತಿ ತೆಗೆದುಕೊಳ್ಳಿ. ಗಟ್ಟಿ ಕೆಂಪಾದರೆ, ಹೆಪ್ಪು ಬಿದ್ದರೆ, ಮೂತ್ರ ನಿಂತುಹೋದರೆ, ಜ್ವರ ಬಂದರೆ ಕೂಡಲೇ ಬನ್ನಿ ಅಂದರು. ಅದನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ.

ಮೂರನೆಯದು ವಿಚಿತ್ರ. ಮೂತ್ರ ಮಾಡುವಾಗ ಎಡ ಬೆನ್ನಿನಲ್ಲಿ ಚುಳುಕ್ ಅನ್ನುತ್ತಿತ್ತು. ಸ್ಟೆಂಟ್ ಇದ್ದಾಗ ಮೂತ್ರಚೀಲಕ್ಕೂ ಕಿಡ್ನಿಗೂ ನಡುವಿನ ದಾರಿ ತೆರೆದೇ ಇರುತ್ತದೆ. ಚೀಲ ಹಿಂಡಿದಾಗ ಸ್ವಲ್ಪ ಮೂತ್ರ ಮೇಲಕ್ಕೂ ಹೋಗುತ್ತದೆ. ಆ ನೋವು ಅದಕ್ಕೆ. ತುಂಬ ಹೊತ್ತು ತಡೆದು, ಆಮೇಲೆ ಮುಕ್ಕಿ ಮಾಡಿದರೆ ಜಾಸ್ತಿ. ಆಗಾಗ ಹೋಗಿ, ನಿಧಾನಕ್ಕೆ, ಒತ್ತಡ ಹಾಕದೆ ಮಾಡಿದರೆ ಕಡಿಮೆ. ಇದನ್ನು ತಿಳಿದುಕೊಳ್ಳಲು ನನಗೆ ಎಂಟು ದಿನ ಬೇಕಾಯಿತು.

ಎಂಟನೇ ದಿನ ತಡೆಯಲಾರದೆ ಡಾಕ್ಟರ್ ಹತ್ತಿರ ಹೋದೆ. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಅಂದರು. ಟ್ಯಾಮ್ಸುಲೋಸಿನ್ ಮುಂದುವರಿಸಿ, ಜೊತೆಗೆ ಮಿರಾಬೆಗ್ರಾನ್ ಅನ್ನುವ ಮಾತ್ರೆ ಸೇರಿಸಿದರು. ಅದು ಮೂತ್ರಚೀಲದ ಅವಸರವನ್ನು ಕಡಿಮೆ ಮಾಡುತ್ತದೆ. ಮೂರು ದಿನದಲ್ಲಿ ರಾತ್ರಿ ಏಳುವುದು ಎರಡು ಸಲಕ್ಕೆ ಇಳಿಯಿತು. ಬಿ.ಪಿ. ಇದ್ದವರಿಗೆ ಆ ಮಾತ್ರೆಯಲ್ಲಿ ಎಚ್ಚರ ಬೇಕಂತೆ. ನನ್ನ ಚೀಟಿ ನೋಡಿ ಅಂಗಡಿಯಲ್ಲಿ ಕೊಳ್ಳಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ. ಆದರೆ ಕೇಳಿ. ಸ್ಟೆಂಟ್ ಅಂದಮೇಲೆ ಇದೆಲ್ಲ ಸಹಿಸಲೇಬೇಕು ಅಂತ ಹಲ್ಲು ಕಚ್ಚಿ ಕೂರಬೇಡಿ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ ನಾನು ಮನೆಯಲ್ಲಿದ್ದೆ. ಗಣಿತ ಪತ್ರಿಕೆಯ ದಿನ ಮಕ್ಕಳು ಒಬ್ಬೊಬ್ಬರಾಗಿ ಫೋನ್ ಮಾಡಿ ಹೇಗೆ ಬರೆದೆವು ಅಂತ ಹೇಳಿದರು. ಅವರ ಜೊತೆ ಇರಲಾಗಲಿಲ್ಲ ಅನ್ನುವ ಬೇಸರ ಈಗಲೂ ಇದೆ.

ಏಪ್ರಿಲ್ 3ಕ್ಕೆ ಆಪರೇಷನ್. ಅದಕ್ಕೆ ಒಂದು ವಾರ ಮೊದಲು ಮತ್ತೆ ಮೂತ್ರದ ಕಲ್ಚರ್, ರಕ್ತ ಪರೀಕ್ಷೆ, ಇಸಿಜಿ, ಅರಿವಳಿಕೆ ಡಾಕ್ಟರ ಭೇಟಿ. ಕಲ್ಚರ್‌ನಲ್ಲಿ ಸೋಂಕಿಲ್ಲ ಅಂತ ಬಂದರೆ ಮಾತ್ರ ದಿನ ಗೊತ್ತು ಮಾಡುವುದು. ಹಾಗಾಗಿ ಈ ಪರೀಕ್ಷೆಯನ್ನು ಕೊನೆಯ ದಿನಕ್ಕೆ ಬಿಡಬೇಡಿ. ಕ್ರಿಯಾಟಿನಿನ್ 0.9ಕ್ಕೆ ಇಳಿದಿತ್ತು. ಸ್ಟೆಂಟ್ ನನ್ನನ್ನು ಎಷ್ಟೇ ಗೋಳು ಹುಯ್ದುಕೊಂಡರೂ ಕಿಡ್ನಿಯನ್ನು ಉಳಿಸಿಕೊಟ್ಟಿತ್ತು. ಇನ್ನೊಂದು ಉಪಕಾರವನ್ನೂ ಮಾಡಿತ್ತು. ಎರಡು ಮೂರು ವಾರ ಸ್ಟೆಂಟ್ ಇದ್ದರೆ ಮೂತ್ರನಾಳ ತಾನಾಗಿ ಹಿಗ್ಗುತ್ತದೆ, ದುರ್ಬೀನು ಸಲೀಸಾಗಿ ಹೋಗುತ್ತದೆ. ಕೆಲವರಿಗೆ ನೇರವಾಗಿ ಆಪರೇಷನ್‌ಗೆ ಹೋದಾಗ ನಾಳ ತೀರಾ ಕಿರಿದಾಗಿದ್ದು, ಸ್ಟೆಂಟ್ ಮಾತ್ರ ಹಾಕಿ ವಾಪಸ್ ತರುತ್ತಾರೆ. ಎಚ್ಚರವಾದಾಗ ಕಲ್ಲು ಹಾಗೇ ಇದೆ ಅಂತ ಕೇಳಿದರೆ ಹೇಗಾಗಬೇಡ? ನೇರ ಆಪರೇಷನ್‌ಗೆ ಹೋಗುವವರು ಈ ಸಾಧ್ಯತೆಯನ್ನೂ, ಎರಡನೇ ಸಲದ ಖರ್ಚನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಈ ಸಲ ಕ್ಯಾಶ್‌ಲೆಸ್ ಸಿಕ್ಕಿತು. ಡಾಕ್ಟರ ಪತ್ರ ಕೆಲಸ ಮಾಡಿತ್ತು.

ಆಪರೇಷನ್ ಬಗ್ಗೆ ಬರೆಯಲು ನನ್ನ ಹತ್ತಿರ ಹೆಚ್ಚೇನಿಲ್ಲ, ಪೂರ್ತಿ ಅರಿವಳಿಕೆಯಲ್ಲಿದ್ದೆ. ಬೆಳಗ್ಗೆ ಎಂಟೂವರೆಗೆ ಒಳಗೆ ಹೋದೆ, ಹನ್ನೊಂದಕ್ಕೆ ಹೊರಗೆ. ಕಲ್ಲು ಒಡೆದದ್ದು ಒಂದೂವರೆ ಗಂಟೆ. ನಾಳದಲ್ಲಿದ್ದ 9 ಮಿ.ಮೀ. ಕಲ್ಲು ಮೊದಲ ಸ್ಟೆಂಟ್ ಹಾಕುವಾಗಲೇ ಕಿಡ್ನಿಯೊಳಕ್ಕೆ ಜಾರಿತ್ತಂತೆ. ಎರಡನ್ನೂ ಅಲ್ಲೇ ಲೇಸರ್‌ನಿಂದ ಪುಡಿ ಮಾಡಿ, ಕೆಲವು ಚೂರುಗಳನ್ನು ಸಣ್ಣ ತಂತಿಯ ಬುಟ್ಟಿಯಲ್ಲಿ ಹಿಡಿದು ತೆಗೆದರು. ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಕಂದು ಬಣ್ಣದ, ಮರಳಿನಂಥ ಚೂರು. ಇಷ್ಟಕ್ಕಾ ಇಷ್ಟೆಲ್ಲ ಅನ್ನಿಸಿತು.

ಎಚ್ಚರವಾದಾಗ ಮೂತ್ರ ಹೊರಗಿನ ಚೀಲಕ್ಕೆ ಹರಿಯಲು ಹಾಕುವ ಕ್ಯಾತಿಟರ್ ಇತ್ತು, ಮರುದಿನ ತೆಗೆದರು. ಹಳೆಯ ಸ್ಟೆಂಟ್ ತೆಗೆದು ಹೊಸದು ಹಾಕಿದ್ದರು. ಆಪರೇಷನ್ ಆದಮೇಲೆ ನಾಳ ಊದಿಕೊಳ್ಳಬಹುದು, ಚೂರುಗಳು ಮತ್ತೆ ಅಡ್ಡ ಕೂರಬಹುದು. ಅದಕ್ಕೇ ಇನ್ನೂ 14 ದಿನ. ಮೊದಲೇ ಗೊತ್ತಿದ್ದರೂ ಕೇಳಿ ಕಣ್ಣಲ್ಲಿ ನೀರು ಬಂತು.

ಏಪ್ರಿಲ್ 5ಕ್ಕೆ ಮನೆಗೆ ಬಂದೆ. ಎರಡನೇ ಸ್ಟೆಂಟಿನ ದಿನಗಳು ಮೊದಲಿನಷ್ಟು ಕೆಟ್ಟದಾಗಿರಲಿಲ್ಲ. ಮಾತ್ರೆ ಮೊದಲ ದಿನದಿಂದಲೇ ಇತ್ತು. ಏನಾಗುತ್ತದೆ ಅಂತ ಗೊತ್ತಿತ್ತು, ಹಾಗಾಗಿ ಭಯ ಇರಲಿಲ್ಲ. ಹಳೆಯ ಟೀ ಸೋಸುವ ಜಾಲರಿಯನ್ನು ಬಾತ್‌ರೂಮಿನಲ್ಲಿಟ್ಟು, ಬೀಳುವ ಚೂರುಗಳನ್ನು ಹಿಡಿದೆ. ಭಾರ ಎತ್ತಲಿಲ್ಲ. ಸ್ಕೂಟರ್ ಮುಟ್ಟಲಿಲ್ಲ.

ಡಿಸ್ಚಾರ್ಜ್ ಪತ್ರದಲ್ಲಿ ಸ್ಟೆಂಟ್ ತೆಗೆಯುವ ದಿನಾಂಕ ಬರೆದಿದೆಯಾ ನೋಡಿ. ನನ್ನ ಮೊದಲ ಡಿಸ್ಚಾರ್ಜ್ ಪತ್ರದಲ್ಲಿ "ಸ್ಟೆಂಟ್ ಇದೆ" ಅನ್ನುವ ಮಾತು ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿತ್ತು. ನೋವು ಹೋಯಿತು ಅಂತ ಸ್ಟೆಂಟನ್ನೇ ಮರೆತು ವರ್ಷಗಳ ನಂತರ ಬರುವವರೂ ಇದ್ದಾರೆ ಅಂತ ಡಾಕ್ಟರ್ ಹೇಳಿದರು. ಅಷ್ಟರಲ್ಲಿ ಸ್ಟೆಂಟಿನ ಮೇಲೇ ಕಲ್ಲು ಕಟ್ಟಿಕೊಂಡು, ಎಳೆದರೂ ಬಾರದಂತಾಗಿರುತ್ತದೆ. ಆಗ ಮತ್ತೆ ದೊಡ್ಡ ಆಪರೇಷನ್, ಕೆಲವೊಮ್ಮೆ ಕಿಡ್ನಿಯೇ ಹೋಗುತ್ತದೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೆಗೆಸಲೇಬೇಕಂತೆ. ನಾನು ಆ ದಿನಾಂಕವನ್ನು ನನ್ನ ಫೋನು, ನನ್ನವರ ಫೋನು, ತಮ್ಮನ ಫೋನು ಮೂರರಲ್ಲೂ ಹಾಕಿಸಿದೆ. ವಯಸ್ಸಾದ ತಂದೆತಾಯಿಗೆ ಸ್ಟೆಂಟ್ ಹಾಕಿಸಿ ಊರಿಗೆ ಕಳಿಸಿದವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಏಪ್ರಿಲ್ 17. ಮೊದಲು ಎಕ್ಸ್‌ರೇ ತೆಗೆದು ಕಲ್ಲು ಉಳಿದಿಲ್ಲ ಅಂತ ನೋಡಿದರು. ಸ್ಟೆಂಟ್ ತೆಗೆಯುವಾಗ ಅರಿವಳಿಕೆ ಇಲ್ಲ, ಮರಗಟ್ಟಿಸುವ ಜೆಲ್ ಮಾತ್ರ ಅಂತ ಕೇಳಿ ಹಿಂದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ನಿಜ ಹೇಳುತ್ತೇನೆ, ಮೂರು ನಿಮಿಷವೂ ಹಿಡಿಯಲಿಲ್ಲ. ಒತ್ತಿದ ಹಾಗೆ, ಆಮೇಲೆ ಒಳಗಿನಿಂದ ಒಂದು ದಾರ ಎಳೆದ ಹಾಗೆ. ಉಸಿರು ನಿಧಾನಕ್ಕೆ ಬಿಡಿ ಅಂತ ನರ್ಸ್ ಕೈ ಹಿಡಿದುಕೊಂಡಿದ್ದರು. ಗಂಡಸರಿಗೆ ಮೂತ್ರದ ದಾರಿ ಉದ್ದವಾದ್ದರಿಂದ ಸ್ವಲ್ಪ ಹೆಚ್ಚು ತ್ರಾಸವಂತೆ. ಬಾಗುವ ದುರ್ಬೀನು ಇದೆಯಾ ಅಂತ ಕೇಳಿ ನೋಡಿ. ಅವತ್ತು ಸಂಜೆ ಪಕ್ಕೆಯಲ್ಲಿ ಒಂದೆರಡು ಗಂಟೆ ನೋವು ಬಂತು. ಅದು ನಾಳ ಸೆಳೆದುಕೊಳ್ಳುವುದರಿಂದ, ಒಂದು ಮಾತ್ರೆಗೆ ಹೋಯಿತು. ಆ ರಾತ್ರಿ ಒಮ್ಮೆಯೂ ಏಳದೆ ಬೆಳಗ್ಗೆ ಆರರವರೆಗೆ ಮಲಗಿದೆ. ಎದ್ದಾಗ ಮಗಳು ಪಕ್ಕದಲ್ಲಿ ಬಂದು ಮಲಗಿದ್ದಳು, ನನಗೆ ಗೊತ್ತೇ ಆಗಿರಲಿಲ್ಲ.

ಖರ್ಚಿನ ಲೆಕ್ಕ ಹೇಳುತ್ತೇನೆ, ಎಲ್ಲರೂ ಕೇಳುತ್ತಾರೆ. ಮೊದಲ ದಾಖಲಾತಿ 41,600. ಆಪರೇಷನ್ 1,18,400. ಸ್ಟೆಂಟ್ ತೆಗೆದದ್ದು 7,000. ಸ್ಕ್ಯಾನ್, ಪರೀಕ್ಷೆ, ಹೊರಗಿನ ಔಷಧ ಎಲ್ಲ ಸೇರಿ 14,500. ಒಟ್ಟು 1,81,500 ರೂಪಾಯಿ. ವಿಮೆಯಿಂದ ಆಪರೇಷನ್‌ಗೆ 1,04,000, ಮೊದಲ ದಾಖಲಾತಿಗೆ ಮೇ 8ರಂದು 35,200, ಮುಂಚಿನ ಮತ್ತು ಆಮೇಲಿನ ಬಿಲ್ಲುಗಳಿಗೆ 12,600 ಬಂತು. ಕೈಯಿಂದ ಹೋದದ್ದು 29,700. ಸಂಬಳವಿಲ್ಲದ ರಜೆ ಬೇರೆ. ನನ್ನ ಪಾಲಿಸಿಯಲ್ಲಿ ದಾಖಲಾಗುವ 30 ದಿನ ಮೊದಲಿನ ಮತ್ತು ಬಿಡುಗಡೆಯಾದ 60 ದಿನ ನಂತರದ ಬಿಲ್ಲುಗಳೂ ಸೇರುತ್ತವೆ. ಸಿ.ಟಿ., ಸ್ಟೆಂಟ್ ತೆಗೆದ ಬಿಲ್, ಮಾತ್ರೆಯ ಬಿಲ್ ಎಲ್ಲ ಅದರಲ್ಲಿ ಬಂತು. ಚೀಟಿ ಇಲ್ಲದ ಔಷಧದ ಬಿಲ್ಲುಗಳನ್ನು ತೆಗೆದುಹಾಕಿದರು.

ಕಲ್ಲಿನ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬಂದಿದೆ. ಹೆಚ್ಚಿನವರಿಗೆ ಬರುವುದು ಇದೇ ಜಾತಿ. ಕ್ಯಾಲ್ಸಿಯಂ ಅಂದ ಕೂಡಲೇ ಹಾಲು ಮೊಸರು ಬಿಟ್ಟುಬಿಡು ಅಂತ ಮನೆಯಲ್ಲಿ ಹೇಳಿದರು. ಡಾಕ್ಟರ್ ಹೇಳಿದ್ದು ಅದಕ್ಕೆ ಉಲ್ಟಾ. ಊಟದಲ್ಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಕಟ್ಟಿಹಾಕುತ್ತದೆ, ಮೊಸರು ಬಿಡಬೇಡಿ, ಉಪ್ಪು ಕಡಿಮೆ ಮಾಡಿ ಅಂದರು. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಮಂಡಕ್ಕಿ ಈಗ ಅಪರೂಪಕ್ಕೆ. ಆಕ್ಸಲೇಟ್ ಜಾಸ್ತಿ ಇರುವ ಪಾಲಕ್, ದಂಟಿನ ಸೊಪ್ಪು, ಕೆಸುವಿನ ಎಲೆ ಕಡಿಮೆ. ನಿಂಬೆಹಣ್ಣಿನ ನೀರು ದಿನಾ, ಸಕ್ಕರೆ ಉಪ್ಪು ಹಾಕದೆ. ಎಲ್ಲಕ್ಕಿಂತ ಮುಖ್ಯ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು. ನಮ್ಮ ಬಿಸಿಲಿಗೆ ಅದಕ್ಕೆ ಮೂರೂವರೆ ಲೀಟರ್ ಕುಡಿಯಬೇಕಾಗುತ್ತದೆ.

ಇಲ್ಲಿ ನನ್ನ ಕೆಲಸದ ವಿಷಯ ಬರುತ್ತದೆ. ನಮ್ಮ ಶಾಲೆಯಲ್ಲಿ 22 ಶಿಕ್ಷಕಿಯರಿಗೆ ಒಂದೇ ಶೌಚಾಲಯ, ಅದೂ ನೆಲಮಹಡಿಯಲ್ಲಿ. ನನ್ನ ತರಗತಿಗಳು ಮೂರನೇ ಮಹಡಿಯಲ್ಲಿ. ಬೆಳಗ್ಗೆ ಒಂಬತ್ತಕ್ಕೆ ಹೋದರೆ ಸಂಜೆ ನಾಲ್ಕೂವರೆಯವರೆಗೆ ನಾನು ಒಂದು ಲೋಟ ನೀರು ಕುಡಿಯುತ್ತಿದ್ದೆ ಅಷ್ಟೆ. ಕುಡಿದರೆ ಹೋಗಬೇಕಾಗುತ್ತದಲ್ಲ. ಹದಿನಾರು ವರ್ಷ ಹೀಗೇ ಮಾಡಿದೆ. ಬರೀ ನಾನಲ್ಲ, ನಮ್ಮಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ. ಬಸ್ ಕಂಡಕ್ಟರ್ ಹೆಣ್ಣುಮಕ್ಕಳು, ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರು, ಪೊಲೀಸರು, ಎಲ್ಲರದೂ ಇದೇ ಕಥೆ. ಡಾಕ್ಟರ್ ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಅಂದಾಗ ನಾನು ಲೆಕ್ಕ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ಕಳೆದ ವಾರ ಹೆಡ್‌ಮಿಸ್ ಹತ್ತಿರ ಹೋಗಿ ಡಿಸ್ಚಾರ್ಜ್ ಪತ್ರ ತೋರಿಸಿ ಮಾತಾಡಿದೆ. ಮೂರನೇ ಮಹಡಿಯಲ್ಲಿ ಬೀಗ ಹಾಕಿಟ್ಟ ಒಂದು ಶೌಚಾಲಯವಿದೆ, ನೀರಿನ ಪೈಪ್ ಒಡೆದು ಎರಡು ವರ್ಷವಾಗಿತ್ತು. ಶಾಲೆ ಶುರುವಾಗುವಷ್ಟರಲ್ಲಿ ಸರಿ ಮಾಡಿಸುತ್ತೇನೆ ಅಂದಿದ್ದಾರೆ. ಪ್ಲಂಬರ್ ಬಂದು ನೋಡಿ ಹೋಗಿದ್ದಾನೆ. ಒಂದು ಲೀಟರಿನ ಎರಡು ಬಾಟಲಿ ತಂದಿಟ್ಟುಕೊಂಡಿದ್ದೇನೆ. ಬಲಗಡೆಯ 4 ಮಿ.ಮೀ. ಕಲ್ಲು ಇನ್ನೂ ಅಲ್ಲೇ ಇದೆ. ಜುಲೈನಲ್ಲಿ ಅದನ್ನು ನೋಡಲು ಸ್ಕ್ಯಾನ್.